ಎಡದ ಪುಟ

ರಾಘವಾಂಕ ಕವಿಯ ಹರಿಶ್ಚಂದ್ರಕಾವ್ಯವು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ ೨೦೧೭ರಲ್ಲಿ ಹೊರಬಂದಿತು. ಎಡದ ಪುಟದಲ್ಲಿ ಕನ್ನಡ ಮೂಲ, ಬಲದ ಪುಟದಲ್ಲಿ ಶ್ರೀಮತಿ ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದ. ಗ್ರಂಥವು ಬಂದು ಇಷ್ಟು ಕಾಲವಾದ ಮೇಲೆ ಅದನ್ನು ಕುರಿತು ಬರೆಯುವುದೇಕೆಂದು ವಾಚಕರು ಕೇಳಬಹುದು. ಎಂಟುನೂರು ವರ್ಷ ಬಾಳಿದ ಕಾವ್ಯದ ವಿಷಯದಲ್ಲಿ ಕೆಲವು ವರ್ಷಗಳ ವಿಳಂಬವು ದೊಡ್ಡ ಅಪರಾಧವಾಗಲಾರದು. ಅಲ್ಲದೆ, ನಾವು ಇಲ್ಲಿ ವಿಚಾರಿಸಹೊರಟಿರುವುದು ಕಾವ್ಯವನ್ನಷ್ಟೇ ಅಲ್ಲದೆ ಅದನ್ನು ಹೊರತಂದ ದತ್ತಿಯನ್ನೂ ಕೂಡ. ದಾನವಾಗಿ ಬಂದ ಹಸುವಿನ ಹಲ್ಲು ಎಣಿಸಬಾರದೆಂಬ ಗಾದೆ ನಮ್ಮಲ್ಲಿದೆ. ಆದರೆ ಸಾಹಿತ್ಯಕ್ಕಾಗಿ ಕೊಟ್ಟ ದಾನವು ಕೊನೆಗೆ ಸಲ್ಲತಕ್ಕದ್ದು ಓದುಗರಿಗೆ. ಆದಕಾರಣ ಓದುಗರು ಅದರ ಹಲ್ಲನ್ನು ಎಣಿಸಿ ನೋಡಿದರೆ ತಪ್ಪಿಲ್ಲವೆಂದು ನಮ್ಮ ಭಾವನೆ.

ದತ್ತಿಯ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಇನ್ಫೋಸಿಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರ ಮತ್ತು ಲೇಖಕಿ ಸುಧಾಮೂರ್ತಿಯವರ ಪುತ್ರರಾದ ರೋಹನ್ ಮೂರ್ತಿಯವರು ೨೦೧೦ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ೫೨ ಲಕ್ಷ ಡಾಲರುಗಳನ್ನು ಕೊಟ್ಟು, ಭಾರತದ ಪ್ರಾಚೀನ ಸಾಹಿತ್ಯವನ್ನು ಮೂಲದೊಡನೆ ಅನುವಾದಿಸಿ ಪ್ರಕಟಿಸುವ ಮಾಲೆಯೊಂದನ್ನು ನೆಲೆಗೊಳಿಸಿದರು. ಇದಕ್ಕೆ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಆಫ್ ಇಂಡಿಯಾ ಎಂದು ಹೆಸರು. ಒಂದು ಶತಮಾನದ ಅವಧಿಯಲ್ಲಿ ೫೦೦ ಸಂಪುಟಗಳೆಂಬುದು ಸಂಕಲ್ಪ. ೨೦೧೫ರ ಜನವರಿಯಲ್ಲಿ ಮೊದಲ ಐದು ಬಂದುವು: ಪಾಳಿಯ ಥೇರೀಗಾಥಾ, ಪಂಜಾಬಿಯ ಬುಲ್ಲೇಶಾಹನ ಹಾಡುಗಳು, ಪಾರಸಿಯ ಅಕ್ಬರ್‌ನಾಮಾದ ಮೊದಲ ಭಾಗ, ಸೂರದಾಸರ ಪದಗಳು, ತೆಲುಗಿನ ಅಲ್ಲಸಾನಿ ಪೆದ್ದನನ ಮನುಚರಿತ್ರ. ಎರಡು ವರ್ಷಗಳ ತರುವಾಯ ಕನ್ನಡದ ಸರದಿ ಬಂದು ರಾಘವಾಂಕನು ಆ ಪಂಕ್ತಿಯಲ್ಲಿ ಕುಳಿತನು.

ಇಂಥ ಮಾಲೆಗಳು ಪಶ್ಚಿಮದಲ್ಲಿ ಹೊಸವಲ್ಲ. ಜೇಮ್ಸ್ ಲೋಬ್ ಎಂಬ ಧನಿಕನು ೧೯೧೧ರಲ್ಲಿ ಆರಂಭಿಸಿದ ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಮಾಲೆಯು ಇಂದಿಗೂ ನಡೆದುಬರುತ್ತಿದೆ. ಅಲ್ಲಿಯೂ ಎಡಕ್ಕೆ ಮೂಲ, ಬಲಕ್ಕೆ ಇಂಗ್ಲಿಷ್. ಸಂಸ್ಕೃತಕ್ಕಾಗಿ ಕ್ಲೇ ದಂಪತಿಗಳು ಕೊಟ್ಟ ಹಣದಿಂದ ೨೦೦೫ರಿಂದ ೨೦೦೯ರವರೆಗೆ ೫೬ ಸಂಪುಟಗಳು ಬಂದು ಮಾಲೆಯು ನಿಂತಿತು. ಆ ಸಂಪುಟಗಳಲ್ಲಿ ಸಂಸ್ಕೃತವು ರೋಮನ್ ಲಿಪಿಯಲ್ಲಿ ಅಚ್ಚಾಗಿತ್ತು. ಕಾಳಿದಾಸನನ್ನು ಎ, ಬಿ, ಸಿ, ಡಿಯಲ್ಲಿ ಓದಬೇಕಾಗಿತ್ತು. ಮೂರ್ತಿಯವರ ಮಾಲೆಯು ಈ ಪದ್ಧತಿಯನ್ನು ಬಿಟ್ಟು, ಪ್ರತಿಯೊಂದು ಭಾಷೆಯನ್ನೂ ಅದರದೇ ಲಿಪಿಯಲ್ಲಿ ಮುದ್ರಿಸಲು ನಿರ್ಧರಿಸಿತು. ಇದು ಸಣ್ಣ ವಿಷಯವಲ್ಲ. ಮೂಲವನ್ನು ರೋಮನ್ ಅಕ್ಷರಗಳಲ್ಲಿ ಕೊಟ್ಟರೆ ಅದು ವಿದೇಶದ ವಿದ್ವಾಂಸನ ಅನುಕೂಲಕ್ಕೆಂದು ಸ್ಪಷ್ಟವಾಯಿತು. ಕನ್ನಡ ಅಕ್ಷರಗಳಲ್ಲಿ ಕೊಟ್ಟರೆ, ಕನ್ನಡ ಬಲ್ಲವನೊಬ್ಬನು ಈ ಪುಸ್ತಕವನ್ನು ಕೈಗೆತ್ತಿಕೊಂಡಾನು ಎಂಬ ನಿರೀಕ್ಷೆಯನ್ನು ಪ್ರಕಾಶಕರು ತಾವಾಗಿಯೇ ಹುಟ್ಟಿಸಿದಂತಾಯಿತು.

ಅಕ್ಷರಗಳ ಮಾತು ಬಂದುದರಿಂದ ಅಚ್ಚಿನ ಅಂದವನ್ನೂ ಹೇಳಬೇಕು. ಗಣಕಯಂತ್ರದ ಅವಸರದ ಅಕ್ಷರಗಳಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯನ್ನು ತುಳಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಹಳೆಯ ಕಾವ್ಯಗಳಲ್ಲಿ ಒತ್ತುಗಳು ಹೆಚ್ಚಾದ್ದರಿಂದ ಈ ತೊಂದರೆಯೂ ಹೆಚ್ಚು. ಈ ಮಾಲೆಗಾಗಿ ಜಾನ್ ಹಡ್ಸನ್, ಫಿಯೋನಾ ರಾಸ್ ಮೊದಲಾದವರು ಕನ್ನಡಕ್ಕೆ ಹೊಸದೊಂದು ಅಚ್ಚಕ್ಷರವನ್ನೇ ರೂಪಿಸಿದರು. ಅದರ ದುಂಡು, ತಲೆಕಟ್ಟಿನ ಬಾಗು, ಒತ್ತುಗಳಿಗೆ ಬಿಟ್ಟ ಅವಕಾಶ ಇವು ಕಣ್ಣಿಗೆ ಹಿತವಾಗಿವೆ. ಇದಕ್ಕಿಂತಲೂ ಹೇಳಬೇಕಾದ ಸಂಗತಿಯೆಂದರೆ, ಆ ಅಚ್ಚಕ್ಷರವು ಅನಂತರ ‘ತಿರೋ ಕನ್ನಡ’ ಎಂಬ ಹೆಸರಿನಿಂದ ಯಾರು ಬೇಕಾದರೂ ಬೆಲೆಯಿಲ್ಲದೆ ಬಳಸಿಕೊಳ್ಳುವಂತೆ ದೊರೆಯತೊಡಗಿತು. ಕುಂಬಳೆಯ ಶಾಲೆಯೊಂದರ ಪ್ರಶ್ನೆಪತ್ರಿಕೆಯನ್ನೂ ಹಾರ್ವರ್ಡಿನ ಗ್ರಂಥದ ಅಕ್ಷರದಲ್ಲಿಯೇ ಅಚ್ಚುಮಾಡಬಹುದು. ಈ ಉಪಕಾರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸ್ತಾಪ ಬರಲಿದೆ.

ಇನ್ನು ಕಾವ್ಯಕ್ಕೆ ಬರೋಣ. ರಾಘವಾಂಕನು ಹರಿಹರನ ಸೋದರಳಿಯ, ಷಟ್ಪದಿಯನ್ನು ಕಾವ್ಯಕ್ಕೆ ಒಗ್ಗಿಸಿದ ಮೊದಲಿಗ. ನರನನ್ನು ಹಾಡಿದನೆಂದು ಸೋದರಮಾವನು ಸಿಟ್ಟಾಗಿ ಪಾದುಕೆಯಿಂದ ಹೊಡೆದಾಗ ಐದು ಹಲ್ಲುಗಳು ಉದುರಿದುವೆಂದೂ, ಶಿವಭಕ್ತರನ್ನು ಕುರಿತು ಐದು ಕೃತಿಗಳನ್ನು ರಚಿಸಿ ಅವನ್ನು ಮರಳಿ ಪಡೆದನೆಂದೂ ಐತಿಹ್ಯವುಂಟು. ಕಥೆ ಎಷ್ಟು ನಿಜವೋ, ಅದರ ಹಿಂದಿರುವ ಪ್ರಶ್ನೆ ಮಾತ್ರ ನಿಜವಾದದ್ದು: ಕವಿಯು ಯಾರಿಗೆ ಹಾಡಬೇಕು, ಯಾರಿಂದ ಪಡೆಯಬೇಕು? ಈ ಪ್ರಶ್ನೆಗೆ ರಾಘವಾಂಕನ ಕಾವ್ಯದೊಳಗೇ ಒಂದು ಸನ್ನಿವೇಶವಿದೆ. ಯಕ್ಷಗಾನದಲ್ಲಿ ಹರಿಶ್ಚಂದ್ರನ ಪ್ರಸಂಗವನ್ನು ಬಲ್ಲ ನಮ್ಮ ಜನರಿಗೆ ಅದು ಅಪರಿಚಿತವಲ್ಲ. ಆದರೂ ಅದನ್ನು ಕಲಾಪೋಷಣೆಯ ದೃಷ್ಟಿಯಿಂದ ಮತ್ತೊಮ್ಮೆ ನೋಡುವುದು ಯುಕ್ತ.

ಬೇಟೆಗೆ ಬಂದು ಬೀಡುಬಿಟ್ಟ ಅರಸನ ಮುಂದೆ ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿಸಿದ ಅನಾಮಿಕೆಯರು ಬಂದು ಹಾಡುತ್ತಾರೆ, ಕುಣಿಯುತ್ತಾರೆ. ಅರಸನು ಮೆಚ್ಚುತ್ತಾನೆ. ಮೆಚ್ಚಿ, ತೊಟ್ಟ ಒಡವೆಗಳನ್ನೇ ತೆಗೆದುಕೊಡುತ್ತಾನೆ. ಇಲ್ಲಿಯವರೆಗೆ ಎಲ್ಲ ಅರಮನೆಗಳಲ್ಲಿಯೂ ನಡೆಯತಕ್ಕದ್ದೇ. ಆದರೆ ಈ ಹುಡುಗಿಯರು ಒಡವೆಗಳನ್ನು ಒಲ್ಲೆವೆನ್ನುತ್ತಾರೆ. ಹೊತ್ತಿಗೆ ಒದಗದ ವಸ್ತುವು ಎಷ್ಟು ಬೆಲೆಬಾಳಿದರೇನು ಎಂಬುದು ಅವರ ತರ್ಕ. ಬಿಸಿಲಲ್ಲಿ ಬೆಂದು ಬಂದವರಿಗೆ ಬೇಕಾದದ್ದು ನೆರಳು. ಆದುದರಿಂದ ಅರಸನ ಮುತ್ತಿನ ಸತ್ತಿಗೆಯನ್ನು ಕೊಡಬೇಕೆಂದು ಕೇಳುತ್ತಾರೆ. ಅರಸನು ಬೆಚ್ಚಿಬೀಳುತ್ತಾನೆ. ಸತ್ತಿಗೆಯು ಕುಲಕ್ರಮದಿಂದ ಬಂದದ್ದು, ಪಟ್ಟದ ಗುರುತು, ಕೊಡತಕ್ಕ ವಸ್ತುವಲ್ಲ. ಹಾಗಾದರೆ ನಮ್ಮನ್ನು ಮದುವೆಯಾಗೆನ್ನುತ್ತಾರೆ ಅವರು. ಈಗ ಅರಸನ ಬಾಯಲ್ಲಿ ಜಾತಿಯ ಮಾತು ಬರುತ್ತದೆ. ಅದಕ್ಕೆ ಆ ಹುಡುಗಿಯರು ಕೊಡುವ ಉತ್ತರವು ಕನ್ನಡ ಸಾಹಿತ್ಯದಲ್ಲಿಯೇ ವಿರಳವಾದದ್ದು. ನಮ್ಮ ಹಾಡನ್ನು ಕಿವಿ ಉಂಡಾಗ, ನಮ್ಮ ರೂಪನ್ನು ಕಣ್ಣು ಉಂಡಾಗ ತಟ್ಟದ ಮೈಲಿಗೆಯು ಮುಟ್ಟುವುದರಲ್ಲಿ ಮಾತ್ರ ಎಲ್ಲಿಂದ ಬಂದಿತೆಂದು ಅವರು ಕೇಳುತ್ತಾರೆ.

ಈ ಸನ್ನಿವೇಶವನ್ನು ಜಾತಿಯ ಪ್ರಶ್ನೆಯಾಗಿ ಓದಿದವರು ಅನೇಕರು, ಅದು ಸರಿಯೇ. ನಮಗೆ ತೋರುವ ಇನ್ನೊಂದು ಮುಖವೆಂದರೆ, ಇದು ಕೊಡುವವನ ಮತ್ತು ಕಲಾವಿದನ ನಡುವಣ ವ್ಯವಹಾರದ ಪರೀಕ್ಷೆಯೂ ಹೌದು. ಹರಿಶ್ಚಂದ್ರನು ಜಿಪುಣನಲ್ಲ. ಇದಾದ ಸ್ವಲ್ಪ ಹೊತ್ತಿನಲ್ಲಿಯೇ ಇಡೀ ರಾಜ್ಯವನ್ನು ಮುನಿಗೆ ಧಾರೆಯೆರೆದು ಹೊರಡತಕ್ಕ ಮಹಾದಾನಿ. ಆದರೂ ಅವನು ತಾನು ಕೊಡಬಯಸಿದ್ದನ್ನು ಕೊಡಬಲ್ಲನೇ ಹೊರತು ಕೇಳುವವರಿಗೆ ಬೇಕಾದದ್ದನ್ನು ಕೊಡಲಾರ. ಒಡವೆ ಕೊಟ್ಟರೆ ಕೊಟ್ಟವನು ಅರಸನಾಗಿಯೇ ಉಳಿಯುತ್ತಾನೆ. ನೆರಳನ್ನು ಕೊಟ್ಟರೆ ತಾನೂ ಬಿಸಿಲಿಗೆ ನಿಲ್ಲಬೇಕಾಗುತ್ತದೆ. ಮುಂದೆ ಕಾಶಿಯಲ್ಲಿ ಹೆಂಡತಿ ಮಕ್ಕಳನ್ನು ಮಾರಿ, ಸುಡುಗಾಡಿನ ಒಡೆಯ ವೀರಬಾಹುಕನ ಆಳಾಗಿ ಅವನು ನಿಲ್ಲುವಾಗ, ಕವಿಯು ಆ ಹುಡುಗಿಯರ ಪ್ರಶ್ನೆಯನ್ನು ಮರೆತಿಲ್ಲವೆಂದು ನಮಗೆ ತಿಳಿಯುತ್ತದೆ. ಯಾರ ಕುಲವನ್ನು ಹಳಿದನೋ ಆ ಕುಲದವನ ಊಳಿಗವೇ ಅವನ ಸತ್ಯವನ್ನು ಕಾಯಿತು.

ಅನುವಾದದ ವಿಷಯದಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ. ವಾರ್ಧಕಷಟ್ಪದಿಯ ನಡಿಗೆಯು, ಎಂದರೆ ಐದೈದು ಮಾತ್ರೆಗಳ ಗಣಗಳು, ಮೂರನೆಯ ಆರನೆಯ ಪಾದಗಳಲ್ಲಿ ಉದ್ದಕ್ಕೆ ಚಾಚಿಕೊಂಡು ಒಂದು ಗುರುವಿನ ಮೇಲೆ ನಿಲ್ಲುವ ಆ ನಿಲುವು, ಆದಿಪ್ರಾಸದ ಬಿಗಿ, ಇವು ಇಂಗ್ಲಿಷಿಗೆ ದಾಟತಕ್ಕವಲ್ಲ. ದಾಟಲಿಲ್ಲವೆಂದು ಅನುವಾದಕಿಯನ್ನು ದೂರುವುದು ನ್ಯಾಯವೂ ಅಲ್ಲ. ಮಾತಿಗೆ ಮಾತು ಕೊಡುವ ಕಡೆಗಳಲ್ಲಿ, ವಿಶೇಷವಾಗಿ ಮೇಲೆ ಹೇಳಿದ ಸನ್ನಿವೇಶದಲ್ಲಿ, ಇಂಗ್ಲಿಷು ಮೂಲದ ಚುರುಕನ್ನು ಹಿಡಿದಿದೆಯೆಂದು ನಮಗೆ ಕಂಡಿತು. ಚಂದ್ರಮತಿಯ ಪ್ರಲಾಪವನ್ನು ಮಾತ್ರ ಗಮಕಿಗಳ ಬಾಯಲ್ಲಿ ಕೇಳಿದವರಿಗೆ ಬಲದ ಪುಟವು ಸಾಲದೆಂದೇ ತೋರೀತು. ಅವರು ಎಡಕ್ಕೇ ತಿರುಗುತ್ತಾರೆ. ತಿರುಗಬೇಕೆಂದೇ ಎಡದ ಪುಟವಿರುವುದಲ್ಲವೆ?

ತೊಡಕಿರುವುದು ಇಲ್ಲಿಯೇ. ಗ್ರಂಥದ ಪೀಠಿಕೆಯು ಇಂಗ್ಲಿಷಿನಲ್ಲಿ, ಟಿಪ್ಪಣಿಗಳು ಇಂಗ್ಲಿಷಿನಲ್ಲಿ. ಎಡದ ಪುಟದಲ್ಲಿ ಕನ್ನಡ ಪದ್ಯಗಳು ಬಿಸಿಲಲ್ಲಿ ನಿಂತಂತೆ ಬರಿದಾಗಿ ನಿಂತಿವೆ. ಇಂಗ್ಲಿಷ್ ಬಲ್ಲವನಿಗೆ ಕನ್ನಡದ ಒಳಗೆ ಹೋಗಲು ಬಾಗಿಲುಂಟು. ಕನ್ನಡ ಮಾತ್ರ ಬಲ್ಲವನಿಗೆ ತನ್ನ ಕವಿಯ ಕಠಿನ ಪದಕ್ಕೆ ಅರ್ಥ ಬೇಕಾದರೆ ಇಂಗ್ಲಿಷಿನ ಮೂಲಕವೇ ಸುತ್ತಿಬರಬೇಕು. ನಡುಗನ್ನಡದ ಕಾವ್ಯವನ್ನು ಅರ್ಥಕೋಶವಿಲ್ಲದೆ ಇಂದಿನ ಪ್ರೌಢಶಾಲೆಯ ವಿದ್ಯಾರ್ಥಿಯು ಓದಲಾರ. ಅವನ ಅಧ್ಯಾಪಕರೂ ಎಲ್ಲ ಕಡೆಗಳಲ್ಲಿ ಓದಲಾರರು. ಈ ಮಾಲೆಯು ಲೋಕದ ಓದುಗರಿಗಾಗಿ ಹುಟ್ಟಿದ್ದು, ಕನ್ನಡದ ವಿದ್ಯಾರ್ಥಿಗಾಗಿ ಅಲ್ಲ ಎಂಬ ಸಮಾಧಾನವನ್ನು ಹೇಳಬಹುದು. ಅದು ಒಪ್ಪತಕ್ಕ ಮಾತೇ. ಆದರೆ ಲೋಕದ ಓದುಗನಿಗೆ ಎಡದ ಪುಟವು ಒಡವೆ. ಅದನ್ನು ನೋಡಿ ಅವನು ಮೆಚ್ಚಬಹುದು, ಓದಲಾರ. ಓದಬಲ್ಲವರು ಇರುವುದು ಈ ಕಡೆಯಲ್ಲಿ, ಅವರಿಗೆ ಬೇಕಾದದ್ದು ಸತ್ತಿಗೆ.

ನಮ್ಮ ನಾಡಿನ ದಾನಿಗಳು ಇದನ್ನು ಅರಿಯದವರಲ್ಲ. ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿಗಳಾಗಿ ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ರನ್ನನಿಗೂ ಆಕೆ ಆಶ್ರಯ ಕೊಟ್ಟವಳು. ಆದರೆ ಕವಿಗೆ ಕೊಡುವ ಅರಸರು ಹಲವರಿದ್ದರು, ಪಂಪನಿಗೆ ಅಗ್ರಹಾರ ಕೊಟ್ಟ ಅರಿಕೇಸರಿಯಿದ್ದನು. ಓಲೆಗರಿಯ ಮೇಲೆ ಕಂಠದಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಏನೆಂಬುದನ್ನು ಊಹಿಸಿದರೆ, ಆಕೆಯ ದಾನವು ಹೋಗಿ ಮುಟ್ಟಿದ್ದು ಓದುವವರನ್ನು ಎಂಬುದು ಗೊತ್ತಾಗುತ್ತದೆ. ಮುದ್ರಣದ ಕಾಲದಲ್ಲಿಯೂ ಉದಾಹರಣೆಗಳುಂಟು. ಮೈಸೂರು ಸರ್ಕಾರವು ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಕುಮಾರವ್ಯಾಸನ ಭಾರತವನ್ನು ಅತ್ಯಲ್ಪ ಬೆಲೆಗೆ ಹೊರತಂದಾಗ ಅದು ಹಳ್ಳಿಯ ಮನೆಗಳ ಜಗಲಿಯವರೆಗೂ ಹೋಯಿತು. ೧೯೯೩ರಲ್ಲಿ ಹದಿನೈದು ಸಂಪುಟಗಳ ಸಮಗ್ರ ವಚನಗಳೂ ಹಾಗೆಯೇ ಬಂದುವು.

ಇಷ್ಟು ದೂರವೇಕೆ? ನಮ್ಮ ಸೀಮೆಯ ಹರಕೆಯಾಟವನ್ನೇ ನೋಡಬಹುದು. ಮನೆಯಲ್ಲಿ ಮಗುವಿಗೆ ಕಾಯಿಲೆಯೋ ವ್ಯಾಜ್ಯದ ತೊಡಕೋ ಬಂದಾಗ ಒಬ್ಬ ಗೃಹಸ್ಥನು ಆಟ ಆಡಿಸುವ ಹರಕೆ ಹೊರುತ್ತಾನೆ. ಕಟೀಲಿನ ಮೇಳಗಳಲ್ಲಿ ಅಂಥ ಹರಕೆಗೆ ದಿನ ಸಿಗಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಆ ದಿನ ಬಂದಾಗ ಮೇಳದ ವೆಚ್ಚ ಅವನದು; ನೋಡುವ ಹಕ್ಕು ಊರಿನದು. ಟಿಕೆಟಿಲ್ಲ, ಆಮಂತ್ರಣವಿಲ್ಲದಿದ್ದರೂ ಆತಂಕವಿಲ್ಲ. ಭಾಗವತನಿಗೆ ಸಂಭಾವನೆ ಸಲ್ಲುವಾಗಲೇ ಗದ್ದೆಯಲ್ಲಿ ಚಾಪೆ ಹಾಸಿಕೊಂಡ ಮಗುವಿಗೆ ಪುರಾಣವೂ ಕನ್ನಡವೂ ಕಿವಿಗೆ ಬೀಳುತ್ತವೆ. ಈ ವ್ಯವಸ್ಥೆಯಲ್ಲಿ ದೋಷಗಳಿಲ್ಲವೆಂದಲ್ಲ. ಹೊಸ ಪ್ರಸಂಗಕ್ಕೆ, ಹೊಸ ಪ್ರಯೋಗಕ್ಕೆ ಇಲ್ಲಿ ಅವಕಾಶ ಕಡಿಮೆ. ಹರಕೆ ಹೊತ್ತವನು ದೇವಿಯ ಮಹಾತ್ಮೆಯನ್ನೇ ಕೇಳುತ್ತಾನೆ, ಮೇಳವು ಅದನ್ನೇ ಆಡುತ್ತದೆ. ವಿದ್ವತ್ತಿಗಂತೂ ಹರಕೆ ಹೊತ್ತವರನ್ನು ನಾವು ಕಾಣೆವು.

ಆ ಕೊರತೆಯನ್ನು ತುಂಬಲು ಮೂರ್ತಿ ದತ್ತಿಯಂಥವು ಬೇಕು ಎಂಬುದರಲ್ಲಿ ಸಂಶಯವಿಲ್ಲ. ದತ್ತಿಯನ್ನು ಕೊಟ್ಟವರು ತೋರಿದ ಒಂದು ಗುಣವನ್ನಂತೂ ಮುಕ್ತಕಂಠದಿಂದ ಹೊಗಳಬೇಕು. ಮಾಲೆಯ ಸ್ಥಾಪಕ ಪ್ರಧಾನ ಸಂಪಾದಕರಾದ ಷೆಲ್ಡನ್ ಪೊಲಾಕರನ್ನು ತೆಗೆಯಬೇಕೆಂದು ೨೦೧೬ರಲ್ಲಿ ೧೩೨ ಮಂದಿ ಸಹಿಹಾಕಿದ ಅರ್ಜಿಯೊಂದು ಮೂರ್ತಿಯವರಿಗೆ ಹೋಯಿತು. ಪೊಲಾಕರ ಎಲ್ಲ ಅಭಿಪ್ರಾಯಗಳನ್ನೂ ಒಪ್ಪಬೇಕೆಂದು ಯಾರೂ ಹೇಳಲಾರರು. ಆದರೆ ಅವರು ಮೈಸೂರಿಗೆ ಬಂದು ಟಿ. ವಿ. ವೆಂಕಟಾಚಲಶಾಸ್ತ್ರಿಗಳ ಬಳಿ ಹಳಗನ್ನಡವನ್ನು ಓದಿದವರು, ಅರ್ಜಿಗೆ ಸಹಿಹಾಕಿದ ಎಷ್ಟು ಮಂದಿ ಹಾಗೆ ಓದಿದ್ದರೋ ತಿಳಿಯದು. ರೋಹನ್ ಮೂರ್ತಿಯವರು ಸಂಪಾದಕರನ್ನು ಬಿಟ್ಟುಕೊಡಲಿಲ್ಲ. ಹಣ ಕೊಟ್ಟವನು ಗ್ರಂಥದೊಳಗೆ ಕೈಹಾಕದಿರುವುದು ಅಪರೂಪ. ಇತರರ ಕೈಯನ್ನೂ ತಡೆಯುವುದು ಇನ್ನೂ ಅಪರೂಪ.

ಹೀಗೆ ಗುಣವನ್ನು ಗುಣವೆಂದು ಒಪ್ಪಿದ ಮೇಲೆ, ನಮ್ಮ ಸೀಮೆಯ ಪಾಲಿಗೆ ಇದು ಏನೆಂಬ ಪ್ರಶ್ನೆ ಉಳಿಯುತ್ತದೆ. ೧೯೫೬ರ ನವೆಂಬರ್ ಒಂದರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗವು ಮೈಸೂರಿಗೆ ಸಲ್ಲಬೇಕೆಂದು ೧೯೬೭ರಲ್ಲಿ ಮಹಾಜನ ಆಯೋಗವು ಹೇಳಿದ್ದು ಹೇಳಿಕೆಯಾಗಿಯೇ ಉಳಿಯಿತು. ಆ ವ್ಯಾಜ್ಯವನ್ನು ಇಲ್ಲಿ ಬೆಳೆಸುವುದಿಲ್ಲ. ನಾವು ಪ್ರತಿದಿನ ಕಾಣುವ ತರಗತಿಯಲ್ಲಿ ತುಳು, ಕೊಂಕಣಿ, ಮಲೆಯಾಳ, ಮರಾಠಿ, ಬ್ಯಾರಿ, ಹವ್ಯಕ ಕನ್ನಡ ಇವೆಲ್ಲ ಮನೆಮಾತುಗಳಾಗಿ ಬಂದು ಕುಳಿತುಕೊಳ್ಳುತ್ತವೆ. ಗ್ರಂಥಸ್ಥ ಕನ್ನಡವು ಈ ಮಕ್ಕಳಲ್ಲಿ ಹಲವರಿಗೆ ಶಾಲೆಯಲ್ಲಿಯೇ ಹುಟ್ಟಬೇಕು, ಬೇರೆಲ್ಲಿಯೂ ಹುಟ್ಟುವಂತಿಲ್ಲ. ಎಡದ ಪುಟವನ್ನು ನಾಳೆ ಓದುವವರು ಯಾರಾದರೂ ಇದ್ದರೆ ಅವರು ಇಂದು ಒಂದನೆಯ ತರಗತಿಯಲ್ಲಿ ಅ ಆ ಇ ಈ ತಿದ್ದುತ್ತಿರಬೇಕು. ತಿದ್ದುವವರು ಕಡಿಮೆಯಾದರೆ ಲೋಕದ ಯಾವ ದತ್ತಿಯೂ ಆ ಪುಟಕ್ಕೆ ಓದುಗನನ್ನು ಕೊಂಡುತರಲಾರದು.

ಇದು ಬರಿಯ ಅಳಲಲ್ಲವೆಂಬುದಕ್ಕೆ ಅನುವಾದಕಿಯ ಕೃತಿಗಳ ಪಟ್ಟಿಯಲ್ಲಿಯೇ ಸಾಕ್ಷ್ಯವಿದೆ. ವನಮಾಲಾ ವಿಶ್ವನಾಥ ಅವರು ರಾಘವಾಂಕನಿಗೆ ಮುನ್ನ ಇಂಗ್ಲಿಷಿಗೆ ತಂದ ಕೃತಿಗಳಲ್ಲೊಂದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಸಾರಾ ಅವರು ೧೯೩೬ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ ೨೦೨೩ರಲ್ಲಿ ತೀರಿಕೊಂಡರು. ಮನೆಯಲ್ಲಿ ಮಲೆಯಾಳ ಆಡುತ್ತಿದ್ದ ಮುಸ್ಲಿಂ ಕುಟುಂಬದ ಬಾಲಕಿಯು ಕನ್ನಡ ಶಾಲೆಗೆ ಹೋದದ್ದರಿಂದ ಕನ್ನಡದ ಲೇಖಕಿಯಾದಳು. ಆ ಶಾಲೆಯಿಲ್ಲದಿದ್ದರೆ ನಾದಿರೆಯ ಕಥೆಯನ್ನು ಕನ್ನಡವು ಕೇಳುತ್ತಿರಲಿಲ್ಲ. ಚಂದ್ರಗಿರಿಯ ದಡದ ಒಬ್ಬ ಹೆಣ್ಣು ಮಗಳ ಗೋಳು, ಕಾಶಿಯ ಸುಡುಗಾಡಿನಲ್ಲಿ ಸತ್ತ ಮಗನನ್ನು ತೊಡೆಯ ಮೇಲಿಟ್ಟುಕೊಂಡ ಚಂದ್ರಮತಿಯ ಗೋಳು ಒಬ್ಬರ ಲೇಖನಿಯಿಂದಲೇ ಇಂಗ್ಲಿಷಿಗೆ ಹೋದದ್ದನ್ನು ಕಾಕತಾಳೀಯವೆನ್ನಬಹುದು. ಎರಡೂ ಮೊದಲು ಕನ್ನಡದಲ್ಲಿ ಇದ್ದುವೆಂಬುದು ಕಾಕತಾಳೀಯವಲ್ಲ.

ದತ್ತಿಯವರು ಶಾಲೆ ನಡೆಸಬೇಕೆಂದು ನಾವು ಹೇಳುವುದಿಲ್ಲ. ಅದು ಸರ್ಕಾರದ ಕೆಲಸ. ನಾವು ಕೇಳುವುದು ಅಷ್ಟು ದೊಡ್ಡದೂ ಅಲ್ಲ. ಎಡದ ಪುಟಗಳನ್ನು ಮಾತ್ರ ಸೇರಿಸಿ, ಕನ್ನಡದಲ್ಲಿಯೇ ಒಂದು ಚಿಕ್ಕ ಪೀಠಿಕೆ, ಪದ್ಯದ ಕೆಳಗೆ ಕಠಿನ ಪದಗಳ ಅರ್ಥ, ಪದವಿಭಾಗ, ಇಷ್ಟನ್ನು ಕೊಟ್ಟು, ಶಾಲೆಯ ಪಠ್ಯಪುಸ್ತಕದ ಬೆಲೆಗೆ ಒಂದು ಆವೃತ್ತಿಯನ್ನು ತರಲಿ. ಮೂಲವು ಸಿದ್ಧವಾಗಿದೆ, ಅಚ್ಚಕ್ಷರ ಸಿದ್ಧವಾಗಿದೆ, ಪಾಠವನ್ನು ಶೋಧಿಸಿ ಆಗಿದೆ. ಉಳಿದ ವೆಚ್ಚವು ಇಡೀ ದತ್ತಿಯ ಲೆಕ್ಕದಲ್ಲಿ ಬೆರಳೆಣಿಕೆಯದು. ಜೊತೆಗೆ ಗಮಕಿಗಳಿಂದ ಇಡೀ ಕಾವ್ಯವನ್ನು ಹಾಡಿಸಿ ಧ್ವನಿಮುದ್ರಿಸಿ ಎಲ್ಲರಿಗೂ ಬಿಟ್ಟುಕೊಡಲಿ. ಅಕ್ಷರಗಳನ್ನು ಹಾಗೆ ಬಿಟ್ಟುಕೊಟ್ಟವರಿಗೆ ಇದು ಹೊಸ ನೀತಿಯೇನೂ ಆಗದು. ಷಟ್ಪದಿಯನ್ನು ಕಣ್ಣಿನಿಂದ ಓದುವಾಗ ಎಡವುವ ಮಕ್ಕಳು ಕಿವಿಯಿಂದ ಕೇಳಿದ ಮೇಲೆ ತಾವಾಗಿಯೇ ನಿಲ್ಲಬೇಕಾದಲ್ಲಿ ನಿಲ್ಲುತ್ತಾರೆಂಬುದು ನಾಲ್ಕನೆಯ ತರಗತಿಗೆ ಪದ್ಯ ಹೇಳಿಕೊಡುವ ಯಾವ ಉಪಾಧ್ಯಾಯನಿಗೂ ತಿಳಿದ ವಿಷಯ.

ಅಂಥದು ಬರುವವರೆಗೆ ಕಾಯುತ್ತ ಕೂರುವುದೂ ಸರಿಯಲ್ಲ. ಭಾರತದ ಓದುಗರಿಗೆಂದು ಈ ಗ್ರಂಥದ ಸಾದಾ ರಟ್ಟಿನ ಆವೃತ್ತಿಯೂ ಬಂದಿದೆ. ಕನ್ನಡ ಸಂಘಗಳ ವಾಚನಾಲಯಗಳು ಒಂದೊಂದು ಪ್ರತಿಯನ್ನು ತರಿಸಿಕೊಳ್ಳಬೇಕು. ತರಿಸಿದ್ದನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಬಾರದು. ತಿಂಗಳಿಗೊಮ್ಮೆ ಸೇರುವ ಕಡೆಗಳಲ್ಲಿ ಒಬ್ಬರು ಎಡದ ಪುಟವನ್ನು ವಾಚಿಸಲಿ, ತಾಳಮದ್ದಳೆಯಲ್ಲಿ ಅರ್ಥ ಹೇಳಿ ಪಳಗಿದ ಮತ್ತೊಬ್ಬರು ವ್ಯಾಖ್ಯಾನಿಸಲಿ. ಅಂಥವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಮೊದಲಿನಿಂದ ಆರಂಭಿಸಬೇಕೆಂಬ ನಿಯಮ ಬೇಡ. ಅನಾಮಿಕೆಯರು ಬಂದು ಹಾಡುವಲ್ಲಿಂದ ತೊಡಗಿ, ಅರಸನು ಅವರನ್ನು ಹೊಡೆದಟ್ಟುವವರೆಗಿನ ಭಾಗವು ಒಂದು ಸಂಜೆಗೆ ಸರಿಯಾಗುತ್ತದೆ.